ಡ್ಯಾಶ್‌ಬೋರ್ಡಿನ ಹೊಸ ಸ್ವಿಚ್ಚಿಗೆ ಬೆಳಕು ಎಲ್ಲಿಂದ?

ಕಾರಿಗೋ ಜೀಪಿಗೋ ಫಾಗ್ ಲ್ಯಾಂಪು ಹಾಕಿಸಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಮಲೆನಾಡಿನವರಿಗೆ, ಕೊಡಗಿನವರಿಗೆ ಅದು ಶೋಕಿಯ ವಸ್ತುವಲ್ಲ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಮಂಜು ಇಳಿದರೆ ಹತ್ತು ಮಾರು ದೂರದ ಕೈಮರವೂ ಕಾಣಿಸದು. ಆದ್ದರಿಂದ ದೀಪ ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಎಷ್ಟು ವ್ಯಾಟು, ಹಳದಿಯೋ ಬಿಳಿಯೋ, ಯಾವ ಕಂಪನಿಯದು ಎಂದೆಲ್ಲ ಕೇಳುತ್ತೇವೆ. ಆ ದೀಪ ಹೊತ್ತಿಸುವ ಸ್ವಿಚ್ಚಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಂಗಡಿಯವರು ಕೊಟ್ಟದ್ದು, ಮೆಕ್ಯಾನಿಕ್ ಜಾಗ ಕಂಡಲ್ಲಿ ಕೂರಿಸಿದ್ದು, ಅಷ್ಟೆ. ಇಂದು ನಾನು ಮಾತನಾಡಲಿರುವುದು ಆ ಸ್ವಿಚ್ಚಿನ ಹೊಟ್ಟೆಯೊಳಗೆ ಉರಿಯುವ ಪುಟ್ಟ ದೀಪದ ಬಗ್ಗೆ.

ಇಷ್ಟು ಚಿಕ್ಕ ಸಂಗತಿಗೆ ಒಂದು ಭಾಷಣ ಬೇಕೇ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು, ಒಂದು ಆಗಸ್ಟ್ ತಿಂಗಳ ರಾತ್ರಿಯವರೆಗೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಹಳೆಯ ಜೀಪು. ಫಾಗ್ ಲ್ಯಾಂಪಿನ ಸ್ವಿಚ್ಚನ್ನು ಹಿಂದಿನ ಭಾನುವಾರ ನಾನೇ ಕೂರಿಸಿದ್ದೆ. ಮೂರು ನಾಲ್ಕು ತಿರುವು ಕಳೆಯುವುದರೊಳಗೆ ಮೀಟರಿನ ಬೆಳಕು ಆರಿಹೋಯಿತು. ಬಲ್ಬು ಹೋಗಿರಬೇಕು, ಬೆಳಿಗ್ಗೆ ನೋಡೋಣ ಎಂದುಕೊಂಡೆ. ಹೆಡ್‌ಲೈಟು, ಫಾಗ್ ಲ್ಯಾಂಪು ಎರಡೂ ಚೆನ್ನಾಗಿ ಉರಿಯುತ್ತಿದ್ದವಲ್ಲ! ಹಿಂದಿನಿಂದ ಒಂದು ಲಾರಿ ಬಿಡದೆ ಹಾರನ್ ಹೊಡೆಯುತ್ತಿತ್ತು. ದಾರಿ ಕೇಳುತ್ತಿದ್ದಾನೆಂದು ತಿಳಿದು ಮನಸ್ಸಿನಲ್ಲೇ ಬೈದುಕೊಂಡೆ. ರಸ್ತೆ ಸ್ವಲ್ಪ ಅಗಲವಾದ ಕಡೆ ಆತ ಪಕ್ಕಕ್ಕೆ ಬಂದು ಕೂಗಿ ಹೇಳಿದ: ‘ಸಾರ್, ಹಿಂದ್ಗಡೆ ಒಂದು ಲೈಟೂ ಇಲ್ಲ ನಿಮ್ದು. ಎರಡು ಸಲ ಗುದ್ದೋದು ಸ್ವಲ್ಪದ್ರಲ್ಲಿ ತಪ್ತು.’

ಟಾರ್ಚು ಹಿಡಿದು ನೋಡಿದಾಗ ಕಾರಣ ಸಿಕ್ಕಿತು. ಹೊಸ ಸ್ವಿಚ್ಚಿನ ದೀಪಕ್ಕೆಂದು ಮೀಟರ್ ಲೈಟಿನ ವೈರಿನಿಂದ ನಾನು ಒಂದು ಕವಲು ತೆಗೆದಿದ್ದೆ. ಆ ಸಪೂರ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದು ಬಾಡಿಗೆ ತಾಗಿತ್ತು. ಫ್ಯೂಸು ಸುಟ್ಟಿತ್ತು. ಆ ಜೀಪಿನಲ್ಲಿ ಮೀಟರ್ ಲೈಟಿಗೂ ಹಿಂದಿನ ಕೆಂಪು ದೀಪಗಳಿಗೂ ಇದ್ದದ್ದು ಒಂದೇ ಫ್ಯೂಸು. ಬೆರಳುಗುರಿನಷ್ಟು ಜಾಗ ಬೆಳಗುವ ದೀಪದ ದೆಸೆಯಿಂದ ಇಡೀ ವಾಹನ ಹಿಂದಿನವರಿಗೆ ಕಾಣದಂತಾಗಿತ್ತು. ತಪ್ಪು ಯಾರದೂ ಅಲ್ಲ, ನನ್ನದೇ.

ಈಗ ವಿಷಯಕ್ಕೆ ಬರೋಣ. ಕಾರ್ಯಕ್ರಮದಲ್ಲಿ ಸ್ವಿಚ್ಚನ್ನು ಕೈಯಲ್ಲಿ ಹಿಡಿದು ತೋರಿಸುವುದು ಸುಲಭ, ಪುಸ್ತಕದಲ್ಲಿ ಆ ಅನುಕೂಲವಿಲ್ಲ. ನಿಮ್ಮ ಬಳಿ ಅಂಥ ಸ್ವಿಚ್ಚೊಂದಿದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಒಳ್ಳೆಯ ಸ್ವಿಚ್ಚಿನಲ್ಲಿ ದೀಪಗಳು ಎರಡು. ನೋಡಲು ಒಂದೇ ಜಾತಿಯವಾದರೂ ಅವುಗಳ ಕೆಲಸ ಬೇರೆ ಬೇರೆ. ಒಂದು, ಸ್ವಿಚ್ಚು ಎಲ್ಲಿದೆ ಎಂದು ಕತ್ತಲಲ್ಲಿ ತೋರಿಸುವ ದೀಪ. ಅದರ ಮೇಲಿನ ಚಿತ್ರವನ್ನೋ ಅಕ್ಷರವನ್ನೋ ಹಿಂದಿನಿಂದ ಬೆಳಗುತ್ತದೆ. ಇದನ್ನು ಗುರುತಿನ ದೀಪ ಎನ್ನೋಣ. ಇನ್ನೊಂದು, ನೀವು ಸ್ವಿಚ್ಚು ಒತ್ತಿದ್ದೀರಿ, ಫಾಗ್ ಲ್ಯಾಂಪು ಉರಿಯುತ್ತಿದೆ ಎಂದು ಹೇಳುವ ದೀಪ. ಇದನ್ನು ಸೂಚನೆಯ ದೀಪ ಎನ್ನೋಣ. ಗುರುತಿನ ದೀಪ ರಾತ್ರಿ ಮಾತ್ರ, ಸ್ವಿಚ್ಚು ಒತ್ತಿದ್ದರೂ ಬಿಟ್ಟಿದ್ದರೂ ಉರಿಯಬೇಕು. ಸೂಚನೆಯ ದೀಪ ಹಗಲಾಗಲಿ ರಾತ್ರಿಯಾಗಲಿ, ಸ್ವಿಚ್ಚು ಒತ್ತಿದಾಗ ಮಾತ್ರ ಉರಿಯಬೇಕು. ಎರಡಕ್ಕೂ ಕರೆಂಟು ಒಂದೇ ಕಡೆಯಿಂದ ಬರುವಂತಿಲ್ಲ. ಮನೆಯ ಬೋರ್ಡಿನಲ್ಲಿ ಸ್ವಿಚ್ಚು ಆಫ್ ಆಗಿರುವಾಗ ಮಿಣುಕುವ ಕೆಂಪು ದೀಪಕ್ಕೂ ಗೀಸರು ಕಾಯುತ್ತಿದೆ ಎಂದು ಹೇಳುವ ದೀಪಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಸಾಕು.

ಅಗ್ಗದ ಸ್ವಿಚ್ಚಿನಲ್ಲಿ ಇರುವುದು ಸೂಚನೆಯ ದೀಪ ಒಂದೇ. ಹಿಂದೆ ಮೂರು ಕಾಲುಗಳು: ಒಂದಕ್ಕೆ ಬ್ಯಾಟರಿ ಕಡೆಯ ವೈರು, ಒಂದಕ್ಕೆ ಫಾಗ್ ಲ್ಯಾಂಪಿನ ಕಡೆಯ ವೈರು, ಒಂದು ಅರ್ತ್. ಒಳಗಿನ ದೀಪ ಇರುವುದು ಲ್ಯಾಂಪಿನ ಕಾಲಿಗೂ ಅರ್ತ್ ಕಾಲಿಗೂ ನಡುವೆ. ಬ್ಯಾಟರಿ ವೈರನ್ನೂ ಲ್ಯಾಂಪಿನ ವೈರನ್ನೂ ಅದಲು ಬದಲು ಮಾಡಿದರೆ ಫಾಗ್ ಲ್ಯಾಂಪು ಸರಿಯಾಗಿಯೇ ಉರಿಯುತ್ತದೆ, ಆದರೆ ಸ್ವಿಚ್ಚಿನ ದೀಪ ಆರುವುದೇ ಇಲ್ಲ. ಅರ್ತ್ ವೈರನ್ನು ಲ್ಯಾಂಪಿನ ಕಾಲಿಗೆ ಸಿಕ್ಕಿಸಿದರಂತೂ ಸ್ವಿಚ್ಚು ಒತ್ತಿದ ಕ್ಷಣ ಫ್ಯೂಸು ಹೋಗುತ್ತದೆ. ಸ್ವಿಚ್ಚೇ ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸಿ ಜಗಳವಾಡುವವರಲ್ಲಿ ಹೆಚ್ಚಿನವರು ಈ ಎರಡು ತಪ್ಪುಗಳಲ್ಲಿ ಒಂದನ್ನು ಮಾಡಿದವರೇ. ಯಾವ ಕಾಲು ಯಾವುದಕ್ಕೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಡಬ್ಬಿಯೊಳಗಿನ ಚೀಟಿಯನ್ನು ಎಸೆಯಬೇಡಿ.

ಗುರುತಿನ ದೀಪಕ್ಕೆ ಕರೆಂಟು ಎಲ್ಲಿಂದ ಕೊಡಬೇಕು ಎಂಬುದು ಇಂದಿನ ಮುಖ್ಯ ಪ್ರಶ್ನೆ. ಅವಸರದ ಕೈಗಳು ಎರಡು ಕಡೆ ಹೋಗುತ್ತವೆ. ಮೊದಲನೆಯದು ನೇರ ಬ್ಯಾಟರಿ. 1.2 ವ್ಯಾಟಿನ ಪುಟ್ಟ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 0.1 ಆಂಪಿಯರ್ ಮಾತ್ರ. ಏನು ಮಹಾ ಎನ್ನಬೇಡಿ. ದಿನಕ್ಕೆ 2.4 ಆಂಪಿಯರ್ ಗಂಟೆಯಾಯಿತು. 35 ಆಂಪಿಯರ್ ಗಂಟೆಯ ಬ್ಯಾಟರಿಯ ಕಾರನ್ನು ನಿಲ್ಲಿಸಿ ಹದಿನೈದು ದಿನ ಊರಿಗೆ ಹೋಗಿ ಬಂದರೆ ಎಂಜಿನ್ ಎಬ್ಬಿಸಲು ಅಕ್ಕಪಕ್ಕದವರನ್ನು ತಳ್ಳಲು ಕರೆಯಬೇಕಾಗುತ್ತದೆ. ಎರಡನೆಯದು ಇಗ್ನಿಷನ್ ವೈರು. ಇದರಲ್ಲಿ ಬ್ಯಾಟರಿ ಖಾಲಿಯಾಗದು. ಆದರೆ ದೀಪ ಹಗಲೂ ಉರಿಯುತ್ತದೆ, ರಾತ್ರಿಯೂ ಅಷ್ಟೇ ಜೋರಾಗಿ ಉರಿಯುತ್ತದೆ. ತೊಂದರೆ ಇರುವುದು ಈ ಜೋರಿನಲ್ಲಿ.

ಮಧ್ಯಾಹ್ನದ ಆಟಕ್ಕೆ ಸಿನಿಮಾ ಮಂದಿರದೊಳಕ್ಕೆ ಕಾಲಿಟ್ಟಾಗ ಕುರ್ಚಿಯೇ ಕಾಣದೆ ಯಾರದೋ ಕಾಲು ತುಳಿಯುತ್ತೇವಲ್ಲ, ಅದನ್ನು ನೆನೆಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ಐದು ಹತ್ತು ನಿಮಿಷದಲ್ಲಿ ಸ್ವಲ್ಪ ಮಟ್ಟಿಗೆ, ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಮಂದ ಬೆಳಕಿನಲ್ಲಿ ನಮಗೆ ನೆರವಾಗುವುದು ಅಕ್ಷಿಪಟಲದ ದಂಡಕೋಶಗಳು. ಅವಕ್ಕೆ ನೀಲಿ ಹಸಿರು ಬಣ್ಣಗಳು ಚೆನ್ನಾಗಿ ತಾಗುತ್ತವೆ, ಕೆಂಪು ಬಹಳ ಕಡಿಮೆ. ಹೆಡ್‌ಲೈಟು ಹಾಕಿ ಓಡಿಸುವಾಗ ನಮ್ಮ ಕಣ್ಣು ಪೂರ್ತಿ ಕತ್ತಲೆಯಲ್ಲಿ ಇರುವುದಿಲ್ಲ, ನಿಜ. ಆದರೂ ಬೆಳಕು ಮುಟ್ಟದ ರಸ್ತೆಯ ಅಂಚಿನಲ್ಲಿ ಕಪ್ಪು ಕಂಬಳಿ ಹೊದ್ದು ನಡೆಯುವವರನ್ನು, ದೀಪವಿಲ್ಲದ ಎತ್ತಿನ ಗಾಡಿಯನ್ನು ಕಾಣಬೇಕಾದದ್ದು ಈ ಕಣ್ಣೇ. ಮೊಣಕಾಲ ಬಳಿ ಪ್ರಖರವಾದ ನೀಲಿ ದೀಪಗಳ ಸಾಲು ಉರಿಯುತ್ತಿದ್ದರೆ, ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ, ಬದಿಯ ಗಾಜಿನಲ್ಲಿ ಮೂಡಿದರೆ, ಆ ಮಟ್ಟಿಗೆ ಹೊರಗಿನ ರಸ್ತೆ ಮಸುಕಾಗುತ್ತದೆ. ಅರುವತ್ತು ದಾಟಿದವರ ಕಣ್ಣು ಬೆಳಕಿನ ಹೊಡೆತದಿಂದ ಚೇತರಿಸಿಕೊಳ್ಳುವುದೂ ನಿಧಾನ. ವಾಹನದೊಳಗೆ ಮದುವೆ ಚಪ್ಪರದ ಸೀರಿಯಲ್ ಸೆಟ್ಟು ಯಾಕೆ ಬೇಕೋ ನಾನರಿಯೆ.

ಈ ಕಾರಣಕ್ಕೇ ವಾಹನ ತಯಾರಿಸುವವರು ಮೀಟರ್, ಗಡಿಯಾರ, ಏಸಿ ಗುಂಡಿಗಳು, ಕಾರ್ಖಾನೆಯಿಂದಲೇ ಬಂದ ಸ್ವಿಚ್ಚುಗಳು ಇವೆಲ್ಲದರ ಬೆಳಕನ್ನು ಒಂದೇ ಸಾಲಿಗೆ ಕಟ್ಟಿರುತ್ತಾರೆ. ಪಾರ್ಕಿಂಗ್ ಲೈಟ್ ಹಾಕಿದೊಡನೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಬೆಳಕು ತಗ್ಗಿಸುವ ಗುಂಡಿ ಇದ್ದರೆ ಎಲ್ಲವೂ ಒಟ್ಟಿಗೆ ತಗ್ಗುತ್ತವೆ. ಈ ಗುಂಡಿಯನ್ನು ಡಿಮ್ಮರ್ ಎನ್ನುವುದು ವಾಡಿಕೆ. ನಮ್ಮಲ್ಲಿ ಹೆಡ್‌ಲೈಟನ್ನು ತಗ್ಗಿಸುವುದಕ್ಕೂ ಡಿಮ್ ಎನ್ನುತ್ತಾರೆ, ಗೊಂದಲ ಬೇಡ. ನಾನು ಹೇಳುತ್ತಿರುವುದು ಮೀಟರಿನ ಡಿಮ್ಮರ್. ನಿಮ್ಮ ಹೊಸ ಸ್ವಿಚ್ಚಿನ ಗುರುತಿನ ದೀಪ ಸೇರಬೇಕಾದದ್ದು ಈ ಸಾಲಿಗೆ. ಆಗ ಅದು ಮನೆಯ ಮಕ್ಕಳೊಂದಿಗೆ ಬೆಳೆದ ಮಗುವಿನಂತೆ ಇರುತ್ತದೆ, ಬೇರೆ ಎಂದು ಎದ್ದು ಕಾಣುವುದಿಲ್ಲ.

ಈ ಸಾಲಿನ ವೈರನ್ನು ಹುಡುಕುವುದು ಹೇಗೆ? ಬಣ್ಣ ನೋಡಿ ಹೇಳಬಹುದು ಎನ್ನುವವರನ್ನು ನಂಬಬೇಡಿ. ಬಣ್ಣ ಕಂಪನಿಗೊಂದು, ಮಾದರಿಗೊಂದು. ಹೊರಗಿನಿಂದ ಕೊಂಡ ಮ್ಯೂಸಿಕ್ ಸಿಸ್ಟಂಗಳ ವೈರಿನ ಗೊಂಚಲಿನಲ್ಲಿ ಕಿತ್ತಳೆ ಬಣ್ಣದ್ದು ಸಾಮಾನ್ಯವಾಗಿ ಈ ಕೆಲಸದ್ದು. ಅದೂ ಸಾಮಾನ್ಯವಾಗಿ ಮಾತ್ರ. ಜರ್ಮನ್ ಮಾನಕ ಅನುಸರಿಸುವ ವೈರಿಂಗ್ ನಕ್ಷೆ ಸಿಕ್ಕಿದರೆ ಕೆಲಸ ಸುಲಭ. ರಿಲೇಗಳ ಮೇಲೆ 30, 85, 86, 87 ಎಂಬ ಅಂಕಿಗಳನ್ನು ನೀವು ನೋಡಿರಬೇಕು. ಅವು ಡಿಐಎನ್ 72552 ಎಂಬ ಮಾನಕದ ಅಂಕಿಗಳು. ಅದೇ ಮಾನಕದಲ್ಲಿ 15 ಎಂದರೆ ಇಗ್ನಿಷನ್, 31 ಎಂದರೆ ಅರ್ತ್, 58 ಎಂದರೆ ಪಾರ್ಕಿಂಗ್ ದೀಪಗಳ ಸಾಲು, 58ಡಿ ಎಂದರೆ ಡಿಮ್ಮರ್ ದಾಟಿ ಬಂದ ಮೀಟರ್ ಬೆಳಕಿನ ಸಾಲು. ನಮಗೆ ಬೇಕಾದದ್ದು ಈ 58ಡಿ.

ನಕ್ಷೆ ಇಲ್ಲದಿದ್ದರೆ ಮಲ್ಟಿಮೀಟರ್ ಒಂದನ್ನು ತನ್ನಿ. ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪು ಹಳೆಯ ವಾಹನಗಳಿಗೆ ನಡೆಯುತ್ತದೆ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿರುವ ವಾಹನಗಳಿಗೆ ಅದು ಒಳ್ಳೆಯದಲ್ಲ. ಕಾರ್ಖಾನೆಯಿಂದಲೇ ಬಂದ, ಬೆಳಕಿರುವ ಸ್ವಿಚ್ಚೊಂದನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ, ಕನೆಕ್ಟರ್ ಬಿಚ್ಚಬೇಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದು, ಕೆಂಪು ಕಡ್ಡಿಯಿಂದ ಕನೆಕ್ಟರಿನ ಹಿಂಬದಿಯ ಒಂದೊಂದೇ ವೈರನ್ನು ಮುಟ್ಟಿ. ಪಾರ್ಕಿಂಗ್ ಲೈಟ್ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12 ವೋಲ್ಟಿನ ಆಸುಪಾಸು ಬರುವುದೇ ನಿಮ್ಮ ವೈರು. ಈಗ ಡಿಮ್ಮರ್ ತಿರುಗಿಸಿ. ಓದು 12ರಿಂದ 6ಕ್ಕೋ 5ಕ್ಕೋ ಇಳಿದರೆ ಕೆಲಸ ಸರಳ: ಹೊಸ ದೀಪದ ಪ್ಲಸ್ ಈ ವೈರಿಗೆ, ಮೈನಸ್ ಬಾಡಿಗೆ.

ಆದರೆ ಕೆಲವು ವಾಹನಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಡಿಮ್ಮರ್ ತಿರುಗಿಸಿದರೆ ಬೆಳಕು ಕಣ್ಣೆದುರಿಗೇ ತಗ್ಗುತ್ತದೆ, ಮೀಟರಿನ ಓದು ಮಾತ್ರ 12ರಿಂದ ಕದಲುವುದಿಲ್ಲ. ಮೀಟರ್ ಕೆಟ್ಟಿಲ್ಲ. ಆ ವಾಹನದಲ್ಲಿ ಡಿಮ್ಮರ್ ಇರುವುದು ಮೈನಸ್ ಕಡೆ. ಎಲ್ಲ ದೀಪಗಳಿಗೂ ಪ್ಲಸ್ ನೇರವಾಗಿ ಬಂದು, ಅವುಗಳ ಮೈನಸ್ಸುಗಳೆಲ್ಲ ಒಟ್ಟುಗೂಡಿ ಡಿಮ್ಮರ್ ದಾಟಿ ಅರ್ತ್ ಸೇರುತ್ತವೆ. ಟೊಯೊಟಾದ ಅನೇಕ ಮಾದರಿಗಳಲ್ಲಿ ಈ ಪದ್ಧತಿ ಇದೆ. ಇಂಥ ಕಡೆ ಹೊಸ ದೀಪದ ಮೈನಸ್ಸನ್ನು ರೂಢಿಯಂತೆ ಬಾಡಿಗೆ ಕಟ್ಟಿದಿರೋ, ಡಿಮ್ಮರಿಗೂ ಅದಕ್ಕೂ ಸಂಬಂಧವೇ ಇರದು. ಉಳಿದವೆಲ್ಲ ತಗ್ಗಿದಾಗಲೂ ಅದೊಂದು ಧಗಧಗ ಉರಿಯುತ್ತಿರುತ್ತದೆ. ಖಚಿತಪಡಿಸಿಕೊಳ್ಳಲು ಕಪ್ಪು ಕಡ್ಡಿಯನ್ನು ಬಾಡಿಯಿಂದ ತೆಗೆದು, ಹಳೆಯ ಸ್ವಿಚ್ಚಿನ ದೀಪದ ಎರಡು ವೈರುಗಳ ನಡುವೆಯೇ ಅಳೆಯಿರಿ. ಬಾಡಿಗೆ ಅಳೆದಾಗ 12, ದೀಪದ ಎರಡು ತುದಿಗಳ ನಡುವೆ ಅಳೆದಾಗ 5 ಎಂದು ಬಂದರೆ ಅನುಮಾನವೇ ಬೇಡ. ಹೊಸ ದೀಪದ ಎರಡು ವೈರುಗಳನ್ನೂ ಹಳೆಯ ದೀಪದ ಎರಡು ವೈರುಗಳಿಗೇ ಜೋಡಿಸಿ. ನನ್ನನ್ನು ಕೇಳಿದರೆ ಎಲ್ಲ ವಾಹನಗಳಲ್ಲೂ ಹೀಗೇ ಮಾಡುವುದು ಕ್ಷೇಮ. ಡಿಮ್ಮರ್ ಯಾವ ಕಡೆ ಇದ್ದರೂ ಹೊಸದು ಹಳೆಯದರಂತೆಯೇ ನಡೆದುಕೊಳ್ಳುತ್ತದೆ.

ಇಲ್ಲಿ ಇನ್ನೊಂದು ತೊಡಕು. ಹಲವು ಸ್ವಿಚ್ಚುಗಳಲ್ಲಿ ಗುರುತಿನ ದೀಪಕ್ಕೂ ಸೂಚನೆಯ ದೀಪಕ್ಕೂ ಸೇರಿ ಮೈನಸ್ ಕಾಲು ಒಂದೇ. ಅದನ್ನು ಮೈನಸ್ ಕಡೆಯ ಡಿಮ್ಮರಿಗೆ ಕಟ್ಟಿದರೆ ಸೂಚನೆಯ ದೀಪವೂ ಅದರೊಂದಿಗೆ ಮಂಕಾಗುತ್ತದೆ. ರಾತ್ರಿ ತಗ್ಗಿಸಿದ ಡಿಮ್ಮರನ್ನು ಹಾಗೇ ಬಿಟ್ಟಿದ್ದರೆ ಮರುದಿನ ಬಿಸಿಲಿನಲ್ಲಿ ಫಾಗ್ ಲ್ಯಾಂಪು ಉರಿಯುತ್ತಿರುವುದೇ ತಿಳಿಯದು. ಅಂಥ ವಾಹನಕ್ಕೆ ಎರಡು ಮೈನಸ್ ಕಾಲುಗಳಿರುವ ಸ್ವಿಚ್ಚನ್ನೇ ಕೇಳಿ ತನ್ನಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ.

ಒಂದೇ ಮೈನಸ್ ಕಾಲಿನ ಸ್ವಿಚ್ಚನ್ನು ಬಾಡಿಗೆ ಕಟ್ಟಿದವರಿಗೂ ಒಂದು ಮಾತು. ಆ ಅರ್ತ್ ಸಡಿಲವಾದರೆ ಕರೆಂಟು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಒಳಗಿರುವುದು ಬಲ್ಬುಗಳಾದರೆ ಸೂಚನೆಯ ದೀಪದ ಮೂಲಕ ಬಂದ ಕರೆಂಟು ಗುರುತಿನ ದೀಪದೊಳಕ್ಕೆ ಹಿಮ್ಮುಖವಾಗಿ ನುಗ್ಗಿ, ಮೀಟರ್ ಬೆಳಕಿನ ಸಾಲನ್ನು ಹಿಡಿದು, ಅಲ್ಲಿರುವ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. ಹಗಲು ಹೊತ್ತಿನಲ್ಲಿ ಫಾಗ್ ಸ್ವಿಚ್ಚು ಒತ್ತಿದರೆ ಸ್ವಿಚ್ಚಿನ ಎರಡು ದೀಪಗಳೂ ಮಂಕಾಗಿ ಮಿನುಗುತ್ತವೆ. ಇಂಥ ‘ದೆವ್ವದ ಬೆಳಕು’ ಕಂಡರೆ ಮೊದಲು ನೋಡಬೇಕಾದದ್ದು ಅರ್ತ್ ಜೋಡಣೆ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಬಿಗಿಯಾಗಿ ಕೂರಿಸಿ.

ಈಗ ಬಲ್ಬು ಮತ್ತು ಎಲ್.ಇ.ಡಿ. ವಿಚಾರ. ಇಂದು ಮಾರುಕಟ್ಟೆಯಲ್ಲಿ ಸಿಗುವ ಸ್ವಿಚ್ಚುಗಳಲ್ಲಿ ಬಹುಪಾಲು ಎಲ್.ಇ.ಡಿ. ಇರುವವು. ಹಳೆಯ ವಾಹನಗಳ ಮೀಟರಿನಲ್ಲಿರುವುದು ತಂತಿಯ ಬಲ್ಬು. ಇವೆರಡನ್ನೂ ಒಂದೇ ಡಿಮ್ಮರಿಗೆ ಕಟ್ಟಿ, ‘ಹೊಸದು ಸರಿಯಾಗಿ ತಗ್ಗುತ್ತಿಲ್ಲ’ ಎಂದು ಗೋಳಾಡುವವರು ಬಹಳ. ಸ್ವಲ್ಪ ಲೆಕ್ಕ ಮಾಡೋಣ. ಎಂಜಿನ್ ಓಡುವಾಗ ಸಾಲಿನಲ್ಲಿ ಸುಮಾರು 13.5 ವೋಲ್ಟ್ ಇದೆ ಎನ್ನಿ. ಡಿಮ್ಮರ್ ತಗ್ಗಿಸಿ ಅದನ್ನು 6 ವೋಲ್ಟಿಗೆ ತಂದಿರಿ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಅನುಪಾತದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜು ಅರ್ಧಕ್ಕಿಂತ ಸ್ವಲ್ಪ ಕೆಳಗಿಳಿದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿನ ಸಮೀಪಕ್ಕೆ ಬರುತ್ತದೆ. ಎಲ್.ಇ.ಡಿ. ಹಾಗಲ್ಲ. ಕೆಂಪು ಅಥವಾ ಅಂಬರ್ ಎಲ್.ಇ.ಡಿ. ತನಗೆ ಸುಮಾರು 2 ವೋಲ್ಟ್ ಇಟ್ಟುಕೊಂಡು ಉಳಿದದ್ದನ್ನು ಜೊತೆಯ ರೆಸಿಸ್ಟರಿಗೆ ಬಿಡುತ್ತದೆ. ರೆಸಿಸ್ಟರು 680 ಓಮ್ ಆದರೆ 13.5 ವೋಲ್ಟಿನಲ್ಲಿ ಅದರಲ್ಲಿ ಹರಿಯುವುದು 17 ಮಿಲಿ ಆಂಪಿಯರ್, 6 ವೋಲ್ಟಿನಲ್ಲಿ 6 ಮಿಲಿ ಆಂಪಿಯರ್. ಅಂದರೆ ಬೆಳಕು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಅಷ್ಟೆ. ಪಕ್ಕದ ಬಲ್ಬು ಹದಿನಾರನೇ ಒಂದು ಪಾಲಿಗೆ ಇಳಿದಾಗ ಇದು ಮೂರನೇ ಒಂದರಲ್ಲಿ ನಿಂತರೆ ಕಣ್ಣಿಗೆ ಚುಚ್ಚದೆ ಇದ್ದೀತೆ?

ಪರಿಹಾರ ಕೆಲವೇ ರೂಪಾಯಿಯದು. ಗುರುತಿನ ದೀಪದ ಪ್ಲಸ್ ವೈರಿನಲ್ಲಿ ಇನ್ನೊಂದು ಕಾಲು ವ್ಯಾಟಿನ ರೆಸಿಸ್ಟರನ್ನು ಸರಣಿಯಾಗಿ ಸೇರಿಸಿ. 1,000 ಓಮ್‌ನಿಂದ 2,200 ಓಮ್‌ವರೆಗೆ ಎರಡು ಮೂರನ್ನು ತಂದಿಟ್ಟುಕೊಂಡು, ರಾತ್ರಿ ಹೊತ್ತು ನೀವು ಎಂದಿನಂತೆ ಇಟ್ಟುಕೊಳ್ಳುವ ಮಟ್ಟಕ್ಕೆ ಡಿಮ್ಮರ್ ತಿರುಗಿಸಿ, ಯಾವುದು ಪಕ್ಕದ ಸ್ವಿಚ್ಚುಗಳಿಗೆ ಹೊಂದುತ್ತದೆಂದು ನೋಡಿ. ಈ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿ. ಹಗಲಿನಲ್ಲಿ, ಶೆಡ್ಡಿನಲ್ಲಿ ಹೊಂದಿದ್ದು ರಾತ್ರಿ ಹೊಂದುವುದಿಲ್ಲ. ಈಚಿನ ವಾಹನಗಳ ಡಿಮ್ಮರ್ ವೋಲ್ಟೇಜು ಇಳಿಸದೆ, ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಅದರಲ್ಲಿ ಎಲ್.ಇ.ಡಿ. ಚೆನ್ನಾಗಿಯೇ ತಗ್ಗುತ್ತದೆ. ಎಲ್.ಇ.ಡಿ.ಗೆ ಪ್ಲಸ್ ಮೈನಸ್ ಅದಲು ಬದಲಾದರೆ ಹೊತ್ತದು, ಬಲ್ಬಿಗೆ ಆ ಭೇದವಿಲ್ಲ. ಲಾರಿ, ಬಸ್ಸಿನವರು 24 ವೋಲ್ಟಿನ ಸ್ವಿಚ್ಚನ್ನೇ ಕೊಳ್ಳಬೇಕೆಂದು ಬೇರೆ ಹೇಳಬೇಕಿಲ್ಲ.

ಬಣ್ಣದ ಬಗ್ಗೆಯೂ ಒಂದು ಶಿಸ್ತಿದೆ. ಮೀಟರಿನಲ್ಲಿ ಕೆಂಪು ಎಂದರೆ ಅಪಾಯ, ಅಂಬರ್ ಎಂದರೆ ಎಚ್ಚರಿಕೆ, ಹಸಿರು ಎಂದರೆ ಚಾಲೂ ಇದೆ, ನೀಲಿ ಎಂದರೆ ಹೆಡ್‌ಲೈಟು ಹೈಬೀಮಿನಲ್ಲಿದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಮುಂದಿನ ಫಾಗ್ ಲ್ಯಾಂಪಿನ ಸೂಚನೆ ಹಸಿರು, ಹಿಂದಿನದಕ್ಕೆ ಅಂಬರ್. ಚೆಂದ ಕಾಣುತ್ತದೆಂದು ಕೆಂಪು ಸೂಚನೆಯ ಸ್ವಿಚ್ಚು ಹಾಕಿಕೊಂಡರೆ, ಆಯಿಲ್ ಕಡಿಮೆಯಾಗಿ ನಿಜವಾದ ಕೆಂಪು ಹೊತ್ತಿದ ದಿನ ಕಣ್ಣು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ನನ್ನನ್ನು ಘಾಟಿಯಲ್ಲಿ ನಿಲ್ಲಿಸಿದ ಫ್ಯೂಸಿಗೆ ಮರಳುತ್ತೇನೆ. ಮೀಟರ್ ಲೈಟಿನ ಸಾಲಿಗೆ ಸಾಮಾನ್ಯವಾಗಿ ಇರುವುದು 10 ಆಂಪಿಯರಿನ ಫ್ಯೂಸು. ಅದೇ ಫ್ಯೂಸಿನಿಂದ ಹಿಂದಿನ ಕೆಂಪು ದೀಪಗಳಿಗೂ ನಂಬರ್ ಪ್ಲೇಟಿನ ದೀಪಕ್ಕೂ ಕರೆಂಟು ಹೋಗುವ ವಾಹನಗಳು ಬಹಳ. ನಿಮ್ಮ ವಾಹನದಲ್ಲಿ ಹೇಗಿದೆ ಎಂದು ತಿಳಿಯಲು ನಕ್ಷೆ ಬೇಡ. ಪಾರ್ಕಿಂಗ್ ಲೈಟ್ ಹಾಕಿ, ಮೀಟರ್ ಲೈಟಿನ ಫ್ಯೂಸನ್ನು ಕಿತ್ತು, ವಾಹನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಹೊರಗಿನ ಯಾವ ದೀಪ ಆರಿದೆಯೋ ಅದೆಲ್ಲ ನಿಮ್ಮ ಪುಟ್ಟ ವೈರಿನ ಕೈಯಲ್ಲಿದೆ. ಆದ್ದರಿಂದ ಕವಲು ತೆಗೆದ ಜಾಗದಿಂದ ಒಂದು ಗೇಣಿನೊಳಗೆ, ವೈರಿನಲ್ಲೇ ಕೂರುವ ಪುಟ್ಟ ಫ್ಯೂಸ್ ಹೋಲ್ಡರ್ ಹಾಕಿ 2 ಆಂಪಿಯರಿನ ಫ್ಯೂಸು ಇಡಿ. ನಾಲ್ಕು ಸ್ವಿಚ್ಚುಗಳ ಬಲ್ಬುಗಳು ಸೇರಿದರೂ ಎಳೆಯುವುದು 0.4 ಆಂಪಿಯರ್. ನಾಳೆ ನಿಮ್ಮ ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಮೊದಲು ಸುಡುವುದು ಈ ಚಿಕ್ಕ ಫ್ಯೂಸು. ಸ್ವಿಚ್ಚಿನ ಬೆಳಕು ಹೋಗುತ್ತದೆ, ಹಿಂದಿನ ದೀಪಗಳು ಉಳಿಯುತ್ತವೆ. ಅಂದು ನನ್ನ ಜೀಪಿನಲ್ಲಿ ಇಲ್ಲದಿದ್ದದ್ದು ಇದೊಂದೇ.

ಈ ಸಾಲಿನಿಂದ ಫಾಗ್ ಲ್ಯಾಂಪಿಗೇ ಕರೆಂಟು ತೆಗೆಯುವ ಧೈರ್ಯವಂತರೂ ಇದ್ದಾರೆ. 55 ವ್ಯಾಟಿನ ಎರಡು ದೀಪ ಎಂದರೆ 9 ಆಂಪಿಯರಿಗೂ ಹೆಚ್ಚು. ಅದಕ್ಕೆ ಬ್ಯಾಟರಿಯಿಂದ ಬೇರೆ ದಪ್ಪ ವೈರು, ಬೇರೆ 15 ಆಂಪಿಯರಿನ ಫ್ಯೂಸು, ನಡುವೆ ರಿಲೇ ಬೇಕೇ ಬೇಕು. ಸ್ವಿಚ್ಚು ರಿಲೇಯನ್ನು ಎಬ್ಬಿಸುವಷ್ಟು ಕೆಲಸ ಮಾತ್ರ ಮಾಡಲಿ.

ಜೋಡಣೆಯ ಬಗ್ಗೆ ಎರಡು ಮಾತು. ಬ್ಯಾಟರಿಯ ಮೈನಸ್ ಬಿಚ್ಚದೆ ವೈರಿಗೆ ಕತ್ತರಿ ಹಾಕಬೇಡಿ. ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತುವ ನಮ್ಮ ಪದ್ಧತಿ ಡ್ಯಾಶ್‌ಬೋರ್ಡಿನ ಹಿಂದೆ ಎರಡು ಬೇಸಿಗೆ ತಾಳದು. ಬಿಸಿಲಿಗೆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕೆಲಸಕ್ಕೆ ಸಲೀಸು, ಆದರೆ ಕರಾವಳಿ, ಮಲೆನಾಡಿನ ತೇವಕ್ಕೆ ಕಚ್ಚಿದ ಜಾಗ ಹಸಿರು ಹಿಡಿಯುತ್ತದೆ. ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿದ ಜೋಡಣೆಯ ಮೇಲೆ ಬಿಸಿಗೆ ಕುಗ್ಗುವ ತೋಳು ಹಾಕುವುದು ಒಳ್ಳೆಯದು. ಬೆಸುಗೆ ಹಾಕಿದರೆ ಆ ಜಾಗ ಅಲುಗದಂತೆ ಕಟ್ಟಿ, ಇಲ್ಲವಾದರೆ ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲೇ ವೈರು ಮುರಿಯುತ್ತದೆ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಇರಲಿ. ಹಳದಿ ಕನೆಕ್ಟರ್, ಹಳದಿ ಹೊದಿಕೆಯ ವೈರು ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ವಿದ್ಯುತ್ ಕಾರುಗಳಲ್ಲೂ ದೀಪಗಳಿಗೆ ಬೇರೆ 12 ವೋಲ್ಟಿನ ಬ್ಯಾಟರಿ ಇರುತ್ತದೆ, ಕೆಲಸ ಇದೇ ರೀತಿ. ಆದರೆ ಅಲ್ಲಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು ಪ್ರಾಣ ತೆಗೆಯುವ ವೋಲ್ಟೇಜಿನದು. ಮ್ಯೂಸಿಕ್ ಸಿಸ್ಟಮಿನ ಕಿತ್ತಳೆ ವೈರಿಗೂ ಅದಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ.

ಹೊಸ ಕಾರುಗಳನ್ನು ಇಟ್ಟುಕೊಂಡವರಿಗೆ ನನ್ನ ಸಲಹೆ ಬೇರೆ. ಇವುಗಳಲ್ಲಿ ಒಳಬೆಳಕಿನ ಸಾಲನ್ನು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ನಡೆಸುತ್ತಿರಬಹುದು. ಅದು ಕೊಡುವ ಕರೆಂಟಿಗೆ ಮಿತಿಯಿದೆ. ಮೀರಿದರೆ ಸಾಲನ್ನೇ ಮುಚ್ಚಿಬಿಡಬಹುದು, ದೋಷದ ದೀಪ ಹೊತ್ತಿಸಬಹುದು. ವೈರು ಕತ್ತರಿಸಿದ ಗುರುತು ಕಂಡರೆ ವಾರಂಟಿಯ ಮಾತೂ ಕಷ್ಟವಾಗುತ್ತದೆ. ಮೊದಲು ಡ್ಯಾಶ್‌ಬೋರ್ಡಿನ ಖಾಲಿ ಮುಚ್ಚಳವೊಂದನ್ನು ಎಬ್ಬಿಸಿ ನೋಡಿ. ದುಬಾರಿ ಮಾದರಿಗಾಗಿ ಎಳೆದ ವೈರಿನ ಗೊಂಚಲನ್ನೇ ಕಡಿಮೆ ಬೆಲೆಯ ಮಾದರಿಗೂ ಹಾಕಿ, ಮುಚ್ಚಳದ ಹಿಂದೆ ಕನೆಕ್ಟರನ್ನು ಸಿದ್ಧವಾಗಿ ಬಿಟ್ಟಿರುವುದು ಕೆಲವೊಮ್ಮೆ ಉಂಟು. ಆಗ ಕಂಪನಿಯದೇ ಸ್ವಿಚ್ಚು ತಂದು ಸಿಕ್ಕಿಸಿದರೆ ಗುರುತಿನ ದೀಪವೂ ತಾನಾಗಿಯೇ ಸಾಲು ಸೇರುತ್ತದೆ. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ.

ಕೆಲಸ ಮುಗಿದ ಮೇಲೆ ಕತ್ತಲಾಗುವವರೆಗೆ ಕಾಯಿರಿ. ಪಾರ್ಕಿಂಗ್ ಲೈಟ್ ಹಾಕಿ ಡಿಮ್ಮರನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಫಾಗ್ ಸ್ವಿಚ್ಚು ಒತ್ತಿ, ಬಿಡಿ. ಪಾರ್ಕಿಂಗ್ ಲೈಟ್ ಆರಿಸಿ ಮತ್ತೊಮ್ಮೆ ಒತ್ತಿ, ಮೀಟರಿನಲ್ಲಿ ಮಿಣುಕು ಬೆಳಕು ಕಾಣಬಾರದು. ಬಳಿಕ ಎಲ್ಲವನ್ನೂ ಹೊತ್ತಿಸಿ, ಹೊಸದಾಗಿ ಹಾಕಿದ 2 ಆಂಪಿಯರ್ ಫ್ಯೂಸನ್ನು ಕಿತ್ತು ಕೈಯಲ್ಲಿ ಹಿಡಿದು ವಾಹನದ ಹಿಂದಕ್ಕೆ ನಡೆಯಿರಿ. ಕೆಂಪು ದೀಪಗಳು ಎರಡೂ ಉರಿಯುತ್ತಿರಬೇಕು.